ಬಿಸಿಲು ಆಗದ ಮಗು

ಶುಕ್ರವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ನನ್ನ ಬಾಬಿನ್ ಮರಿಗೆ,

ಅಮ್ಮನ ಪ್ರೀತಿಯ ಮುತ್ತುಗಳು. ಬಾಬಿನ್ ಎಂದು ಕರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಒಂದು ಕಡೆ ನಿಲ್ಲದೆ ಗಿರಗಿರ ಸುತ್ತುತ್ತಿದ್ದವಳಿಗೆ ಹೊಲಿಗೆ ಮಷೀನಿನ ಮುಂದೆ ಕೂತ ಅಮ್ಮ ದಾರ ಸುತ್ತುವ ಬಾಬಿನ್ ಅಂತಲ್ಲದೆ ಇನ್ನೇನು ಹೆಸರಿಟ್ಟಾಳು ಹೇಳು. ಹನ್ನೊಂದು ದಿನದಿಂದ ನೀನು ಫೋನು ಎತ್ತಿಲ್ಲ. ಸಿಟ್ಟು ಹೇಗೂ ಇದೆ, ಇನ್ನಷ್ಟು ಬಂದರೆ ಬರಲಿ. ಸಂಜೆ ನಿನ್ನ ಬಾಗಿಲ ಕೆಳಗೆ ತಳ್ಳಿ ಹೋಗುವ ಈ ಕಾಗದವನ್ನು ಮಾತ್ರ ಕೊನೆಯವರೆಗೆ ಓದು.

ಶಟರನ್ನು ಅರ್ಧ ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಒಂದು ಅಂಗಿ ಇದೆ, ತೋಳು ಜೋಡಿಸಬೇಕು, ಕೈ ಬರುತ್ತಿಲ್ಲ. ಈ ಹನ್ನೊಂದು ದಿನವೂ ಹೀಗೆಯೇ. ಯಾರ ಬಟ್ಟೆಯ ತೋಳು ಹಿಡಿದರೂ ನಾವಿಬ್ಬರೂ ಹೋಗಿದ್ದ ಮನಸ್ಸಿನ ಡಾಕ್ಟರಮ್ಮನ ಆ ಕೋಣೆ ಕಣ್ಣಿಗೆ ಕಟ್ಟುತ್ತದೆ. ಗೋಡೆ ಗಡಿಯಾರ, ಮೂರು ಕುರ್ಚಿ, ನಿನ್ನ ಮುಖ.

ಆ ದಿನ ನೀನು ಅವರಿಗೆ ಎಲ್ಲವನ್ನೂ ಹೇಳಿದ್ದೆ. ಯಾರಾದರೂ ಹತ್ತು ನಿಮಿಷ ತಡವಾಗಿ ಬಂದರೆ ನನ್ನನ್ನು ಬಿಟ್ಟೇ ಹೋದರು ಅನ್ನಿಸುತ್ತದೆ, ನಲವತ್ತು ಸಲ ಫೋನು ಮಾಡುತ್ತೇನೆ ಎಂದೆ. ಬೆಳಿಗ್ಗೆ ಪ್ರಾಣದಂತಿದ್ದ ಗೆಳತಿ ಸಂಜೆಗೆ ಶತ್ರುವಾಗುತ್ತಾಳೆ ಎಂದೆ. ಐದು ಕೆಲಸ ಬಿಟ್ಟೆ, ಒಳಗೆಲ್ಲ ಖಾಲಿ ಖಾಲಿ ಎಂದೆ. ಇದೆಲ್ಲ ಯಾವಾಗಿನಿಂದ ಎಂದು ಅವರು ಕೇಳಿದಾಗ, ಹದಿನಾಲ್ಕನೇ ವಯಸ್ಸಿನಿಂದ ಎಂದೆ. ಅವರು ನನ್ನ ಕಡೆ ತಿರುಗಿದರು. ನಾನು, ಇಲ್ಲ ಡಾಕ್ಟ್ರೇ, ಸಣ್ಣವಳಿದ್ದಾಗ ಚಿನ್ನದಂಥ ಹುಡುಗಿ, ಹೋದ ವರ್ಷ ಗಂಡ ಬಿಟ್ಟುಹೋದ ಮೇಲೇ ಇದೆಲ್ಲ ಶುರುವಾಗಿದ್ದು ಅಂದುಬಿಟ್ಟೆ. ನೀನು ಜಗಳಕ್ಕೆ ಬರಲಿಲ್ಲ. ಅಮ್ಮಾ, ತೋಳು? ಅಂತ ಇಷ್ಟೇ ಕೇಳಿದೆ. ನಾನು ನೆಲ ನೋಡಿಕೊಂಡು, ಯಾವ ತೋಳು? ಅಂದೆ.

ಮೆಟ್ಟಿಲು ಇಳಿಯುವಾಗ, ಎಲ್ಲಾ ನಾನೇ ಕಲ್ಪಿಸ್ಕೊಂಡಿದ್ನೋ ಏನೋ ಎಂದು ನಿನ್ನಷ್ಟಕ್ಕೆ ನೀನೇ ಹೇಳಿಕೊಂಡೆ. ನಾನು ಕೇಳಿಸದವಳಂತೆ ಮುಂದೆ ಇಳಿದೆ. ಮೊನ್ನೆ ನಿನ್ನಿಂದ ಒಂದೇ ಸಾಲಿನ ಮೆಸೇಜು ಬಂತು, ಸೋಮವಾರ ಡಾಕ್ಟರ ಹತ್ತಿರ ಹೋಗಲ್ಲ ಅಂತ. ನನ್ನ ಮಾತು ನಂಬಿ ನೀನು ನಿನ್ನನ್ನೇ ನಂಬದೆ ಹೋದೆಯಲ್ಲ.

ನೀನು ಏನನ್ನೂ ಕಲ್ಪಿಸಿಕೊಂಡಿಲ್ಲ ಮಗಳೇ. ನನ್ನ ಅಳತೆ ಪುಸ್ತಕ ನಿನಗೆ ಗೊತ್ತಲ್ಲ, ಆ ಕೆಂಪು ರಟ್ಟಿನ ದಪ್ಪ ಪುಸ್ತಕ. ಅದರಲ್ಲಿ ನಿನ್ನದೊಂದು ಪುಟವಿದೆ. ಆರನೇ ವಯಸ್ಸಿನಿಂದ ಪ್ರತಿ ವರ್ಷ ಶಾಲೆಯ ಅಂಗಿಗೆ ತೆಗೆದ ಅಳತೆ, ತಾರೀಕಿನ ಸಮೇತ. ತೋಳು ಅರ್ಧ, ಅರ್ಧ, ಅರ್ಧ ಎಂದೇ ಬರೆದುಕೊಂಡು ಬಂದಿದ್ದೇನೆ. ಹದಿನಾಲ್ಕನೇ ವರ್ಷದ ಸಾಲಿನಲ್ಲಿ ಮಾತ್ರ ತೋಳು ಪೂರ್ತಿ, ಎರಡು ಇಂಚು ಹೆಚ್ಚು, ಕಫ್ ಬಿಗಿ ಎಂದಿದೆ. ಅವತ್ತು ಅಳತೆ ಕೊಡಲು ನಿಂತಾಗ ನೀನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ನಾನು ಎಳೆದು ನೋಡಿದೆ. ಸಾಲಾಗಿ ಗಾಯದ ಗೆರೆಗಳು, ಕೆಲವು ಒಣಗಿದ್ದವು, ಕೆಲವು ಇನ್ನೂ ಹಸಿ. ಏನಿದು ಅಂತ ಕೇಳಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು ಪುಸ್ತಕದಲ್ಲಿ ಬರೆದೆ, ಅಷ್ಟೇ. ಮರುದಿನ ಶಾಲೆಗೆ ಹೋಗಿ, ಮಗುವಿಗೆ ಬಿಸಿಲು ಆಗೋಲ್ಲ, ಪೂರ್ತಿ ತೋಳು ಹಾಕಲು ಬಿಡಿ ಎಂದು ಕೇಳಿಕೊಂಡೆ. ನನ್ನ ಮೈಮೇಲೂ ಬೇಸಿಗೆಯಲ್ಲಿ ಪೂರ್ತಿ ತೋಳೇ ಇದ್ದದ್ದರಿಂದ ಅವರು ಎರಡನೇ ಮಾತಾಡದೆ ಒಪ್ಪಿದರು. ಆಮೇಲೆ ಏಳು ವರ್ಷ ಅದೇ ತೋಳು ಹೊಲಿದೆ. ನಿನ್ನ ನೋವಿಗೆ ನಾನು ಕೊಟ್ಟ ಔಷಧ ಅದೊಂದೇ.

ಯಾಕೆ ಮುಚ್ಚಿಟ್ಟೆ ಅಂದರೆ ನಾಚಿಕೆ. ಇದು ಪರ್ಸನಾಲಿಟಿ ಡಿಸಾರ್ಡರ್, ಅಂದರೆ ವ್ಯಕ್ತಿತ್ವಕ್ಕೆ ಸಂಬಂಧಿಸಿದ ತೊಂದರೆ ಇರಬಹುದು, ಕೂಲಂಕಷವಾಗಿ ನೋಡಬೇಕು ಎಂದು ಅವತ್ತು ಮೊದಲೇ ಡಾಕ್ಟರಮ್ಮ ಅಂದಾಗ, ನಿಮ್ಮ ಮಗಳ ಗುಣವೇ ಕೆಟ್ಟಿದೆ ಎಂದ ಹಾಗೆ ಕೇಳಿಸಿತು. ಗುಣ ಕೆಟ್ಟಿದೆ ಅಂದರೆ ಬೆಳೆಸಿದವಳು ಯಾರು ಎಂದು ಕೇಳುತ್ತಾರಲ್ಲ.

ನಿನ್ನೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ಅವರ ಹತ್ತಿರ ಹೋದೆ. ಮಗಳ ಒಪ್ಪಿಗೆ ಇಲ್ಲದೆ ಅವಳ ವಿಷಯ ನಿಮಗೆ ಹೇಳೋಕಾಗಲ್ಲ, ನೀವು ಹೇಳೋದನ್ನ ಕೇಳ್ತೀನಿ ಎಂದರು. ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಒಂದು ಲೋಟ ನೀರು ಕೊಟ್ಟರು. ಈ ತೊಂದರೆಯನ್ನು ಕಂಡುಹಿಡಿಯುವುದು ಹೇಗೆ ಎಂದು ಕೇಳಿದೆ. ಇದಕ್ಕೆ ರಕ್ತ ಪರೀಕ್ಷೆ ಇಲ್ಲವಂತೆ. ರಕ್ತ ತೆಗೆದರೂ ಅದು ಥೈರಾಯ್ಡ್‌ನಂಥ ಬೇರೆ ಕಾರಣ ಇದೆಯೇ ಎಂದು ನೋಡಲಿಕ್ಕೆ ಮಾತ್ರವಂತೆ. ಒಂದು ದಿನದ ಕೋಪ, ಒಂದು ವರ್ಷದ ದುಃಖ ನೋಡಿ ಹೆಸರಿಡುವುದಿಲ್ಲ. ಹರೆಯದಿಂದ ಇಲ್ಲಿಯವರೆಗೆ, ಮನೆಯಲ್ಲಿ, ಕೆಲಸದಲ್ಲಿ, ಸ್ನೇಹದಲ್ಲಿ ಮನಸ್ಸು ಒಂದೇ ರೀತಿಯಲ್ಲಿ ಎಡವುತ್ತಾ ಬಂದಿದೆಯೇ, ಅದರಿಂದ ಬದುಕು ಕಷ್ಟವಾಗಿದೆಯೇ ಎಂದು ನೋಡಬೇಕು. ಅದಕ್ಕೇ ಹತ್ತಿರದವರನ್ನು ಕೇಳುತ್ತಾರಂತೆ. ಇದು ನನ್ನ ಕಸುಬಿನವಳಿಗೆ ಅರ್ಥವಾಗದ ಮಾತೇನಲ್ಲ. ಒಂದು ದಿನ ಭುಜ ಕುಗ್ಗಿಸಿಕೊಂಡು ಬಂದವಳಿಗೆ ಗೂನಿನ ಲೆಕ್ಕದಲ್ಲಿ ಬಟ್ಟೆ ಕತ್ತರಿಸುತ್ತೇನೆಯೇ?

ಅವರು ಇನ್ನೊಂದು ಮಾತು ಹೇಳಿದರು. ಇದು ಗುಣಕ್ಕೆ ಹಾಕೋ ಮುದ್ರೆ ಅಲ್ಲಮ್ಮ, ಎಲ್ಲಿಂದ ಸಹಾಯ ಶುರು ಮಾಡ್ಬೇಕು ಅನ್ನೋ ಗುರುತು ಎಂದರು. ಕೂತು ಮಾತಾಡಿ, ಮನಸ್ಸನ್ನು ಹತೋಟಿಯಲ್ಲಿಡಲು ಕಲಿಸುವ ಚಿಕಿತ್ಸೆ ಇದೆಯಂತೆ. ನಿಧಾನವಾಗಿ ಚೇತರಿಸಿಕೊಂಡವರು ಬಹಳ ಜನ ಇದ್ದಾರಂತೆ. ಆದರೆ ನನ್ನ ಸುಳ್ಳಿನ ಮೇಲೆ ನಡೆದಿದ್ದರೆ, ಹೋದ ವರ್ಷದ ದುಃಖಕ್ಕೆ ನಾಲ್ಕು ಮಾತ್ರೆ ಬರೆದು ನಿನ್ನನ್ನು ಮನೆಗೆ ಕಳಿಸುತ್ತಿದ್ದರೇನೋ.

ಸೋಮವಾರ ಹನ್ನೊಂದು ಗಂಟೆಗೆ ಹೋಗು. ಈ ಕಾಗದವನ್ನು ಅವರಿಗೆ ತೋರಿಸು, ನನ್ನ ಸಹಿ ಇದೆ. ನಾನು ಬರುವುದು ಬೇಡ ಅನ್ನಿಸಿದರೆ ಮೆಸೇಜು ಮಾಡು, ಬರುವುದಿಲ್ಲ. ಕೈ ಮತ್ತೆ ಬ್ಲೇಡಿನ ಕಡೆ ಹೋಗುವ ಹಾಗಿದ್ದರೆ ಸೋಮವಾರದವರೆಗೆ ಕಾಯಬೇಡ, ಅವರು ಕೊಟ್ಟ ನಂಬರಿಗೆ ಮಾಡು, ನನಗೂ ಮಾಡು. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನ ನೆನಪು ಸರಿಯಾಗಿತ್ತು, ಅದನ್ನು ನಂಬು.

ನಿನ್ನ
ಅಮ್ಮ

ತಾ.ಕ.: ನಾಚಿಕೆಗೆ ಸುಳ್ಳು ಹೇಳಿದೆ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಅಳತೆ ಪುಸ್ತಕದ ಮೊದಲ ಪುಟಗಳು ನಿನ್ನ ಅಜ್ಜಿಯ ಕೈಬರಹದವು, ಅವಳು ಹೊಲಿಯುತ್ತಿದ್ದ ಕಾಲದವು. ಅಲ್ಲಿ ನನ್ನದೂ ಒಂದು ಪುಟವಿದೆ. ನನ್ನ ಹದಿನಾರನೇ ವಯಸ್ಸಿನ ಸಾಲಿನಲ್ಲಿ ಅವಳು ಹೀಗೆ ಬರೆದಿದ್ದಾಳೆ: ತೋಳು ಪೂರ್ತಿ, ಮಗುವಿಗೆ ಬಿಸಿಲು ಆಗುವುದಿಲ್ಲ. ನಿನ್ನ ಕೈಯ ಗೆರೆಗಳ ಬಗ್ಗೆ ಬಾಯಿ ಬಿಟ್ಟಿದ್ದರೆ ನನ್ನವನ್ನೂ ಹೇಳಬೇಕಾಗುತ್ತಿತ್ತು. ನಿನ್ನೆ ಡಾಕ್ಟರಮ್ಮನಿಗೆ ಆ ಪುಟವನ್ನೂ ತೋರಿಸಿದೆ. ಮೇಜಿನ ಮೇಲಿರುವ ಅಂಗಿ ನನ್ನದೇ, ತೋಳನ್ನು ಮೊಣಕೈಯಿಂದ ಮೇಲಕ್ಕೆ ಕತ್ತರಿಸಿದ್ದೇನೆ. ನೀನು ಬೇಡ ಅನ್ನದಿದ್ದರೆ ಸೋಮವಾರ ಅದನ್ನೇ ಹಾಕಿಕೊಂಡು ಮೆಟ್ಟಿಲ ಕೆಳಗೆ ನಿಂತಿರುತ್ತೇನೆ. ನೀನು ಎಷ್ಟು ತಡವಾಗಿ ಬಂದರೂ ಅಲ್ಲೇ ಇರುತ್ತೇನೆ.