ನಿನ್ನೊಳಗಿನ ಬ್ಲೀಚಿಂಗ್ ಪುಡಿ

ಕುರುಗೋಡು
12 ಆಗಸ್ಟ್ 2025

ತಮ್ಮ ವಿರೂಪಾಕ್ಷಿ,

ಹೊಟ್ಟೆ ಹೇಗಿದೆ ಎಂದು ಕೇಳುವುದಿಲ್ಲ. ನಿನ್ನ ಮಗಳು ಅಕ್ಷತಾ ಹೇಳಿದಳು. ಅವಳು ಬಳ್ಳಾರಿಯ ಲ್ಯಾಬಿನಲ್ಲಿ ಮಂದಿಯ ರಕ್ತ ನೋಡುತ್ತಾಳೆ. ನೀನು ಸಿರುಗುಪ್ಪದಲ್ಲಿ ಕರುಳಿನ ಉರಿಯೂತದ ಮಾತ್ರೆ ಬಿಟ್ಟು, ಕೆಂಚನಗುಡ್ಡದ ಹೊಳೆಯಿಂದ ಕ್ಯಾನಿನಲ್ಲಿ ನೀರು ತರಿಸಿ ಹಾಗೆಯೇ ಕುಡಿಯುತ್ತೀಯಂತೆ. ಎಂಥ ಜಾಣನಪ್ಪಾ. ದನದ ಮೈ ತೊಳೆದ ನೀರು ಅಮೃತ, ನಲ್ಲಿಯ ನೀರು ವಿಷ.

ಹನ್ನೊಂದು ವರ್ಷದ ಹಿಂದೆ ನೀನು ಇಲ್ಲೇ ಇದ್ದೆ. ಊರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಕಲಸಿ ಹಾಕುವುದು ನನ್ನ ನೌಕರಿ. ನಿನಗೆ ರಕ್ತಭೇದಿ ಶುರುವಾದಾಗ ಕಟ್ಟೆಯ ಮೇಲೆ ನಾಲ್ಕು ಮಂದಿಯೆದುರು, ‘ಅಣ್ಣಾ, ನಿನ್ನ ಪುಡಿ ನನ್ನ ಕರುಳು ತಿಂದೈತಿ’ ಎಂದೆ. ತಿಂಗಳೊಳಗೆ ಸಂಸಾರ ಕಟ್ಟಿಕೊಂಡು ಊರು ಬಿಟ್ಟೆ.

ಈಗ ಅಕ್ಷತಾ ಹೇಳಿದ್ದನ್ನು ಕೇಳು. ಉರಿಯೂತ ಎದ್ದ ಜಾಗಕ್ಕೆ ರಕ್ತದ ಬಿಳಿಕಣಗಳು ಓಡಿಬರುತ್ತವೆ. ಕ್ರಿಮಿ ಕೊಲ್ಲಲು ಅವು ಮೈಯೊಳಗಿನ ಉಪ್ಪಿನಿಂದ ಒಂದು ಕ್ಲೋರಿನ್ ದ್ರಾವಣ ಮಾಡಿಕೊಳ್ಳುತ್ತವೆ. ನನ್ನ ಪುಡಿ ನೀರಿಗೆ ಬಿದ್ದಾಗ ಹುಟ್ಟುವುದೂ ಅದೇ. ‘ದೊಡ್ಡಪ್ಪಾ, ನಮ್ಮಪ್ಪನ ಹೊಟ್ಟ್ಯಾಗ ನಿಮ್ಮಂಥಾರು ಕೋಟಿಗಟ್ಟಲೆ ಅದಾರ, ಯಾರಿಗೂ ರಜಾ ಇಲ್ಲ’ ಎಂದು ಅಕ್ಷತಾ ನಕ್ಕಳು. ಆಮೇಲೆ ನಗಲಿಲ್ಲ. ಉರಿಯೂತ ವರ್ಷಗಟ್ಟಲೆ ಆರದಿದ್ದರೆ ಆ ಕ್ಲೋರಿನ್ ನಮ್ಮದೇ ಜೀವಕೋಶದ ಡಿಎನ್‌ಎಗೂ ಅಂಟುತ್ತದೆ. ಕೋಶ ತನ್ನ ನಕಲು ತೆಗೆಯುವಾಗ ಕ್ಲೋರಿನ್ ಅಂಟಿದ ಡಿಎನ್‌ಎ ಅಕ್ಷರವನ್ನು ತಪ್ಪಾಗಿ ಓದಬಹುದು. ಅಂಥ ತಪ್ಪುಗಳು ಕೂಡಿದರೆ ಕ್ಯಾನ್ಸರಿಗೆ ದಾರಿಯಾಗಬಹುದು. ಡಾಕ್ಟರು ಮಾತ್ರೆ ಕೊಟ್ಟದ್ದು ಅದಕ್ಕೆ, ಕೊಳವೆ ಹಾಕಿ ಕರುಳು ನೋಡುತ್ತೇವೆ ಎಂದದ್ದೂ ಅದಕ್ಕೆ.

ನನ್ನ ಕ್ಲೋರಿನ್ನಿಗೆ ಹೆದರಿ ಓಡಿದವನು ನಿನ್ನದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಓಡಿದೆ. ನಾನಾದರೂ ಅಳತೆ ನೋಡಿ ಹಾಕುತ್ತಿದ್ದೆ.

ಪರೀಕ್ಷೆಗೆಂದು ಎರಡು ಸಲ ಹೊರಟು ಎರಡು ಸಲವೂ ಬಸ್‌ಸ್ಟ್ಯಾಂಡಿನಿಂದ ತಿರುಗಿದ್ದೀಯ. ‘ಹಿಂದಿನಿಂದ ಕೊಳವಿ ಹಾಕಿಸ್ಕೊಳ್ಳಾಕ ನಾನೇನು ಎಮ್ಮೀನಾ’ ಎಂದೆಯಂತೆ. ಎಮ್ಮೆಯ ಹೆಸರು ಕೆಡಿಸಬೇಡ. ಹಗ್ಗ ಹಿಡಿದರೆ ಅದು ಡಾಕ್ಟರ ಹತ್ತಿರ ಬರುತ್ತದೆ. ಸೋಮವಾರಕ್ಕೆ ಅಕ್ಷತಾ ಮತ್ತೆ ಹೆಸರು ಬರೆಸಿದ್ದಾಳೆ. ಭಾನುವಾರವೇ ನಿನ್ನ ಮನೆಗೆ ಬರುತ್ತೇನೆ. ಅಡಗಿ ಕೂಡಬೇಡ, ಅಡಗುವಷ್ಟು ದೊಡ್ಡ ಮನೆಯಲ್ಲ ನಿನ್ನದು.

ನಿನ್ನ ಅಣ್ಣ,
ಗಾದಿಲಿಂಗಪ್ಪ

ಮರೆತ ಮಾತು: ಮರೆತದ್ದಲ್ಲ, ಹನ್ನೊಂದು ವರ್ಷ ನುಂಗಿಕೊಂಡದ್ದು. ಕಟ್ಟೆಯ ಮೇಲೆ ನೀನು ಹಾಗೆಂದ ಮೇಲೆ, ನಿಜವೇ ಇರಬಹುದೆಂದು ಹೆದರಿ ಒಂದು ವಾರ ಪುಡಿ ಅರ್ಧ ಮಾಡಿದ್ದೆ. ಓಣಿಯ ಹದಿನಾಲ್ಕು ಮಂದಿ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದು ಆ ವಾರವೇ. ಎಲ್ಲರೂ ಉಳಿದರು. ಪೈಪು ಒಡೆದಿತ್ತೆಂದು ಊರಿಗೆ ಹೇಳಿದೆ. ನಿನ್ನ ಮಾತು ನಂಬಿ ನಾನು ಅಷ್ಟು ಮಾಡಿದೆ. ನನ್ನ ಮಾತು ನಂಬಿ ನೀನು ಒಂದು ದಿನ ಬಾ.