ಜೊತೆಗಾರರಿಲ್ಲದೆ ಸವಾರಿಯಿಲ್ಲ

ಶನಿವಾರ, ಸೆಪ್ಟೆಂಬರ್ 14. ಗೋಲ್ಡ್ ಕೋಸ್ಟ್, ಆಸ್ಟ್ರೇಲಿಯಾ.

ಗಾಲಿಕುರ್ಚಿ ತಳ್ಳಿ ತಳ್ಳಿ ತೋಳು ಸೋತಿವೆ. ಆದರೂ ಇತಿಹಾಸಕ್ಕಾಗಿ ಬರೆದಿಡುತ್ತಿದ್ದೇನೆ: ಇಂದು ಮಧ್ಯಾಹ್ನ ಎರಡು ಗಂಟೆಗೆ ಮಹಾರಾಜಾಧಿರಾಜ ಬ್ರೋಡಿ, ಅಂದರೆ ನಾನು, ರೋಲರ್ ಕೋಸ್ಟರ್ ಏರಬೇಕಿತ್ತು. ನಾಲ್ಕು ತಿಂಗಳು ಬೆನ್ನು ಬಿದ್ದು ವೈದ್ಯರ ಪತ್ರ, ಮನರಂಜನಾ ಪಾರ್ಕಿನ ಒಪ್ಪಿಗೆ ಚೀಟಿ ಎಲ್ಲ ಮಾಡಿಸಿದ್ದೆ. ಕುರ್ಚಿಯಿಂದ ಸೀಟಿಗೆ ತೋಳಿನ ಬಲದಿಂದಲೇ ದಾಟುವುದನ್ನೂ ಕಲಿತಿದ್ದೆ.

ಗೇಟಿನ ಹುಡುಗಿ ಚೀಟಿ ನೋಡಿ, "ಜೊತೆಗೆ ದೊಡ್ಡವರೊಬ್ಬರು ಕೂರಲೇಬೇಕು. ಯಾರು ಬರ್ತೀರಿ?" ಎಂದಳು.

ಚೀಟಿಯ ಆ ಕೊನೆಯ ಸಾಲನ್ನು ನಾನು ಓದಿಯೇ ಇರಲಿಲ್ಲ. ನನ್ನೊಂದಿಗೆ ಬಂದಿದ್ದವಳು ನಾನು ನ್ಯಾನ್ ಎಂದು ಕರೆಯುವ ಅಜ್ಜಿಯೊಬ್ಬಳೇ, ಏಣಿಯ ಎರಡನೇ ಮೆಟ್ಟಿಲಿಗೇ ತಲೆ ಸುತ್ತುವವಳು.

"ನಾನೇ ಕಣಮ್ಮ. ಇವನೊಬ್ಬನನ್ನೇ ಕಿರುಚೋಕೆ ಬಿಡ್ತೀನಾ?" ಎಂದು ಅಜ್ಜಿ ಕನ್ನಡಕ ತೆಗೆದು ಚೀಲಕ್ಕೆ ಹಾಕಲು ಹೋದಳು. ಹಳಿಯ ಎತ್ತರ ನೋಡುತ್ತ ಮುಖ ಬಿಳಿಚಿಕೊಂಡಿದ್ದ ಅವಳಿಗೆ ಮೂರು ಸಲವೂ ಚೀಲದ ಬಾಯಿ ಸಿಗಲಿಲ್ಲ.

"ನ್ಯಾನ್, ಬೇಡ. ನಂಗೆ ಹೊಟ್ಟೆ ಕೆಟ್ಟಿದೆ. ಕೆಳಗಿರೋ ಜನಕ್ಕೆಲ್ಲ ಬೆಳಗ್ಗೆ ತಿಂದ ಮೀಟ್ ಪೈಯ ಅಭಿಷೇಕ ಆಗ್ಬಿಡುತ್ತೆ," ಎಂದೆ.

"ಥೂ, ಪೋಕರಿ! ನಾಲ್ಕು ತಿಂಗಳು ನನ್ನ ತಲೆ ತಿಂದು ಈಗ ಹೆದರ್ಕೊಂಡ್ಯಾ?"

ಬೈಯುತ್ತ ಬೈಯುತ್ತ ಅವಳ ಮುಖಕ್ಕೆ ಬಣ್ಣ ಮರಳಿತು.

ಈಗ ಪಕ್ಕದ ಕೋಣೆಯಲ್ಲಿ ಅಮ್ಮನಿಗೆ ಫೋನು ಮಾಡಿದ್ದಾಳೆ: "ನಾನು ತಯಾರಾಗೇ ಇದ್ದೆ ಕಣೇ. ನಿನ್ನ ಮಗನೇ ಪುಕ್ಕಲ!"

ಹೋಗಿ ವಾದ ಮಾಡೋಣವೆಂದರೆ ಹಾಸಿಗೆಯಿಂದ ಮತ್ತೆ ಕುರ್ಚಿಗೆ ದಾಟಬೇಕು. ಇರಲಿ, ಪುಕ್ಕಲನೇ. ಆದರೆ ರೋಲರ್ ಕೋಸ್ಟರಿನ ಆ ಮೊದಲ ಇಳಿಜಾರು ಮಾತ್ರ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.