ನಿನ್ನ ಹೆಸರಿನ ಹಾಡು

ಸ್ಟ್ರೋನ್ ಕೋವ್, ಕೇಪ್ ಬ್ರೆಟನ್
17 ಸೆಪ್ಟೆಂಬರ್ 1961

ಪ್ರೀತಿಯ ಎಫಿ,

ನಿನ್ನ ಜೂನ್ ತಿಂಗಳ ಕಾಗದ ಬಂದು ಹದಿಮೂರು ವಾರವಾಯಿತು. ಬೆರಳು ನೋವು ಎಂದು ನೆಪ ಹೇಳಬಹುದಿತ್ತು. ಆದರೆ ಅದೇ ಬೆರಳುಗಳಲ್ಲಿ ಈ ಬೇಸಿಗೆಯಲ್ಲಿ ನಾಲ್ಕು ಜೊತೆ ಕಾಲುಚೀಲ ಹೆಣೆದಿದ್ದೇನೆ, ಸುಳ್ಳು ಯಾಕೆ. ಬರೆಯಲು ಕೂತೆ, ಹರಿದು ಒಲೆಗೆ ಹಾಕಿದೆ, ಮತ್ತೆ ಕೂತೆ. ಬೈಯಬೇಕೆನಿಸಿದರೆ ಬಾಯಿತುಂಬ ಬೈದುಬಿಡು, ಕೇಳಿಸಿಕೊಳ್ಳುತ್ತೇನೆ.

ನಾನು ಚೆನ್ನಾಗಿದ್ದೇನೆ. ಮಗ ಕಾಲಿನ್ ಈ ವರ್ಷವೂ ಎರಡು ಪೀಪಾಯಿ ಹೆರಿಂಗ್ ಮೀನಿಗೆ ಉಪ್ಪು ಹಾಕಿ ಕೊಟ್ಟಿದ್ದಾನೆ, ಒಬ್ಬ ಮುದುಕಿಗೆ ಎರಡು ಪೀಪಾಯಿ! ನಿನ್ನ ತಮ್ಮ ಮರ್ಡೊ ಹಸುಗಳನ್ನು ಮಾರಿದ. ರಸ್ತೆಗೆ ಟಾರು ಬಂದಿದೆ, ಅದರ ಮೇಲೆ ಬೇಸಿಗೆಯಿಡೀ ಕಾರುಗಳಲ್ಲಿ ಹೊರಗಿನವರು ಬರುತ್ತಾರೆ, ನಮ್ಮ ದನಗಳ ಫೋಟೋ ತೆಗೆಯುತ್ತಾರೆ. ನನ್ನ ಅಲೆಕ್ ಡ್ಯಾನ್ ತೀರಿಹೋಗಿ ಈ ನವೆಂಬರಿಗೆ ನಾಲ್ಕು ವರ್ಷ.

ನೀನು ಎರಡು ಮಾತು ಕೇಳಿದ್ದೆ. ಮೂವತ್ತೈದು ವರ್ಷ ಬಾಸ್ಟನ್ನಿನಲ್ಲಿ ಬೇರೆಯವರ ಅಡಿಗೆಮನೆಯಲ್ಲಿ ನಿಂತು ಮಂಡಿ ಸವೆದುಹೋಗಿದೆ, ಇನ್ನು ಊರಿಗೆ ಬಂದುಬಿಡುತ್ತೇನೆ, ನಿನ್ನ ಮನೆಯಲ್ಲಿ ಒಂದು ಕೋಣೆ ಸಿಗುತ್ತದೆಯೇ ಎಂದು ಒಂದು. ಕೋಣೆ ಇದೆ, ಬಣ್ಣವನ್ನೂ ಬಳಿಸಿದ್ದೇನೆ. ಅಲ್ಲಿ ಯಾರಿಗಾದರೂ ನನ್ನ ನೆನಪಿದೆಯೇ ಎಂದು ಇನ್ನೊಂದು. ಕಾಗದ ತಡವಾದದ್ದು ಇದರಿಂದ. ನಿನ್ನ ಹೆಸರು ಇಲ್ಲಿ ಹಸುಗೂಸಿಗೂ ಗೊತ್ತು, ಎಫಿ. ಆ ಹಾಡು ಇನ್ನೂ ಹಾಡುತ್ತಾರೆ.

ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ. ನನ್ನ ಕೈಬರಹದಲ್ಲಿ ಅದು ನಿನ್ನ ಹತ್ತಿರ ಇರಬೇಕು.

1925ರ ಅಕ್ಟೋಬರ್, ಹೆಕ್ಟರನ ಮನೆಯಲ್ಲಿ ಹೊಸ ಬಟ್ಟೆ ಬಡಿಯುವ ಸಂಜೆ. ದಪ್ಪವಾಗಲೆಂದು ಉಚ್ಚೆಯಲ್ಲಿ ನೆನೆಸಿದ ಉಣ್ಣೆ ಬಟ್ಟೆ ಮೇಜಿನ ಮೇಲೆ, ಸುತ್ತ ಅಂಗಿಯ ತೋಳು ಮಡಚಿಕೊಂಡು ನಾವು ಹದಿನಾಲ್ಕು ಹೆಂಗಸರು, ಗೋಡೆಯ ಬೆಂಚಿನಲ್ಲಿ ಗಂಡಸರು. ದೋಣಿ ಮುಳುಗಿದ ಹಾಡು ಮುಗಿಯಿತು, ನಮ್ಮ ಅಜ್ಜಂದಿರು ಹಳೇ ದೇಶ ಬಿಟ್ಟುಬಂದ ಹಾಡು ಮುಗಿಯಿತು. ಬಟ್ಟೆ ಅರ್ಧ ದಪ್ಪವಾಗುತ್ತಲೇ ದೊಡ್ಡ ಪೆಗ್ಗಿ ಪೋಲಿ ಹಾಡು ಎತ್ತಿದಳು. ಹಿಂದಿನ ವಾರ ಹೆಕ್ಟರನ ಕೊಟ್ಟಿಗೆಗೆ ಹೋದಾಗ ಏಣಿಯ ಕೆಳಗೆ ಒಂದು ಜೊತೆ ಹೆಂಗಸಿನ ಜೋಡು ಬಿದ್ದಿದ್ದನ್ನು ಅವಳು ನೋಡಿದ್ದಳು. ನಿಂತ ನಿಲುವಿನಲ್ಲೇ ಕಟ್ಟಿಬಿಟ್ಟಳು:

ಏಣಿಯ ಬುಡದಾಗೆ ಯಾರವ್ವ ಈ ಜೋಡು
ಅಟ್ಟದ ಹುಲ್ಲಾಗೆ ಯಾರವ್ವ ಸದ್ದು

ಬಟ್ಟೆ ಸುತ್ತುವ ದಿಕ್ಕಿನಲ್ಲೇ ಸರದಿಯೂ ಸುತ್ತಬೇಕು. ಸರದಿ ಬಂದವಳು ಒಂದು ಹೆಸರು ಹಾಕಬೇಕು. ಹೆಸರು ಬಿದ್ದವಳು ತಾಳ ತಪ್ಪದ ಹಾಗೆ ಎರಡು ಸಾಲು ಕಟ್ಟಿ ಅದನ್ನು ಬೇರೊಬ್ಬಳ ಮೇಲೆ ಎಸೆಯಬೇಕು. ಎಸೆಯದೆ ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಜೆಸ್ಸಿ ಬೆಲ್ ಪಾದ್ರಿಯ ಮನೆಗೆಲಸದವಳ ಹೆಸರು ಹಾಕಿದಳು, ಅವಳ ಪಕ್ಕದವಳು ವ್ಯಾಪಾರಿಯ ಹೆಣ್ಣುಕುದುರೆಯ ಹೆಸರು ಹಾಕಿದಳು. ನಕ್ಕು ನಕ್ಕು ಮೇಜು ಅಲುಗಿತು. ಆಮೇಲೆ ಸರದಿ ನನಗೆ ಬಂತು.

ಆ ಜೋಡು ನನ್ನದು. ಅಟ್ಟದಲ್ಲಿ ನನ್ನ ಜೊತೆಗಿದ್ದ ಅಲೆಕ್ ಡ್ಯಾನ್ ಎದುರಿಗೇ ಬೆಂಚಿನಲ್ಲಿ ಕೂತು ತಾಳ ತಟ್ಟುತ್ತಿದ್ದ. ನನ್ನ ಕಿವಿ ಕಾದುಹೋಗಿತ್ತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ ಅನಿಸಿತು. ಬಾಯಿಗೆ ಬಂದ ಮೊದಲ ಹೆಸರು ಹಾಕಿದೆ: ಎಫಿಯ ಜೋಡವ್ವ, ಎಫಿಯ ಸದ್ದು. ನಿನಗಿಂತ ಚೆನ್ನಾಗಿ ಸಾಲು ಕಟ್ಟುವವರು ಈ ದಡದಲ್ಲಿ ಯಾರಿದ್ದರು? ಕಣ್ಣು ಮಿಟುಕಿಸುವುದರೊಳಗೆ ದೊಡ್ಡ ಪೆಗ್ಗಿಯ ತಲೆಗೇ ಕಟ್ಟುತ್ತೀ ಅಂದುಕೊಂಡೆ.

ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಆ ಜೋಡು ಯಾರದೆಂದು ಮೇಜಿನ ಸುತ್ತ ನಿನಗೊಬ್ಬಳಿಗೇ ಗೊತ್ತಿತ್ತು. ಅಟ್ಟ ಹತ್ತಿದ ಆ ಮಧ್ಯಾಹ್ನ ನಾನು ನಿಮ್ಮ ಮನೆಯಲ್ಲಿದ್ದೆ ಎಂದು ನನ್ನ ತಾಯಿಗೆ ಹೇಳಿದವಳೂ ನೀನೇ. ಬೇರೆ ಯಾವಳದೋ ಹೆಸರು ಹಾಕಿ ತಮಾಷೆ ಮಾಡಬಹುದಿತ್ತು, ನಿನ್ನಿಂದ ಆಗಲಿಲ್ಲ. ನಿಜ ಹೇಳಬಹುದಿತ್ತು, ಹೇಳಲಿಲ್ಲ. ತಲೆ ತಗ್ಗಿಸಿ ಬಟ್ಟೆ ಬಡಿಯುತ್ತಲೇ ಇದ್ದೆ. ಪಲ್ಲವಿ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಮೂರನೆಯ ಸುತ್ತಿಗೆ ಗಂಡಸರೂ ದನಿಗೂಡಿಸಿದರು, ಅಲೆಕ್ ಡ್ಯಾನ್ ಸಮೇತ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ನಾನು ಅವನ ಎಷ್ಟೋ ತಪ್ಪು ಕ್ಷಮಿಸಿದ್ದೇನೆ, ಅವನು ಆ ಪಲ್ಲವಿ ಹಾಡಿದ್ದನ್ನು ಕ್ಷಮಿಸಿಲ್ಲ. ನನ್ನನ್ನೂ ಕ್ಷಮಿಸಿಕೊಂಡಿಲ್ಲ.

ಆಮೇಲೆ ಆದದ್ದೆಲ್ಲ ನಿನ್ನ ಮೈಮೇಲೆ ಆದದ್ದು. ಮೀನು ಡಬ್ಬಿಗೆ ತುಂಬುವ ಕ್ಯಾನರಿಗೆ ನೀನು ಕೆಲಸಕ್ಕೆ ನಡೆದು ಹೋಗುವಾಗ ಹುಡುಗರು ಹಿಂದಿನಿಂದ ಆ ಹಾಡು ಹಾಡುತ್ತಿದ್ದರು. ಚರ್ಚಿನ ಹಿರಿಯ ಕೆನೆತ್ ಆ ಸಂಜೆ ಎಲ್ಲರಿಗಿಂತ ಜೋರಾಗಿ ಹಾಡಿದ್ದ. ಅವನೇ ಪ್ರಭುಭೋಜನಕ್ಕೆ ಮುಂಚೆ ನಿನ್ನನ್ನು ಕರೆಸಿ ನಿಲ್ಲಿಸಿಕೊಂಡ. “ಹೌದೋ ಅಲ್ವೋ ಅಷ್ಟು ಹೇಳಮ್ಮ, ಸಾಕು” ಅಂದನಂತೆ. “ಹಾಡಲ್ಲಿರೋದನ್ನ ಹಾಡನ್ನೇ ಕೇಳಿ” ಅಂದೆಯಂತೆ ನೀನು. ರೊಟ್ಟಿ ದ್ರಾಕ್ಷಾರಸ ನಿನಗೆ ಕೊಡಲಿಲ್ಲ. ಮಾರ್ಚಿನಲ್ಲಿ ನೀನು ಬಾಸ್ಟನ್ನಿಗೆ ಹೊರಟೆ. ನಾನು ಜನವರಿಯಲ್ಲೇ ಮದುವೆಯಾಗಿದ್ದೆ, ಜೂನ್‌ನಲ್ಲಿ ಕಾಲಿನ್ ಹುಟ್ಟಿದ. ಊರೆಲ್ಲ ನಿನ್ನ ಹಾಡು ಹಾಡುವುದರಲ್ಲಿ ಮುಳುಗಿತ್ತು, ನನ್ನ ತಿಂಗಳು ಯಾರೂ ಲೆಕ್ಕ ಹಾಕಲಿಲ್ಲ.

ನೀನು ಹೋದಮೇಲೆ ಹಾಡು ಬೆಳೆಯಿತು. ಜೋಡಿನ ನುಡಿ ಒಂದೇ ಇತ್ತು, ಈಗ ಹತ್ತೊಂಬತ್ತು ನುಡಿಗಳಿವೆ. ಎಫಿ ಮತ್ತು ಪಾತ್ರೆ ರಿಪೇರಿಯವನು, ಎಫಿ ಮತ್ತು ಪಾದ್ರಿ, ಎಫಿ ಮತ್ತು ಇಬ್ಬರು ನಾವಿಕರು. ಒಂದರಲ್ಲಿ ನೀನು ಹಾಸಿಗೆ ಮುರಿದು ಬಡಗಿಯನ್ನು ಕರೆಸುತ್ತೀ, ಆಮೇಲೆ ಬಡಗಿಯನ್ನೂ ಬಿಡುವುದಿಲ್ಲ. ನನ್ನ ಮೊಮ್ಮಗಳು ಶೀನಾಗೆ ಹದಿನಾರು. ಅವಳು ಸೊಂಟದ ಮೇಲೆ ಕೈಯಿಟ್ಟು ಆ ಬಡಗಿಯ ನುಡಿ ಹಾಡುತ್ತಾಳೆ. ಈಗಿನವರಿಗೆ ನೀನು ಇನ್ನೂರು ವರ್ಷದ ಹಿಂದೆ ಹಳೇ ದೇಶದಲ್ಲಿದ್ದ ಯಾವಳೋ ಹಾಡಿನ ಹೆಂಗಸು. ನಿನ್ನನ್ನು ಪ್ರೀತಿಯಿಂದಲೇ ಹಾಡುತ್ತಾರೆ, ಅದೂ ನಿಜ.

ಜುಲೈಯಲ್ಲಿ ಟೊರಾಂಟೊದಿಂದ ಮಿಸ್ ಆರ್ಮಿಟೇಜ್ ಎಂಬಾಕೆ ಬಂದಳು. ದನಿ ಹಿಡಿಯುವ ಯಂತ್ರ ಇಟ್ಟುಕೊಂಡು ಮನೆಮನೆಗೆ ಹೋಗಿ ಹಳೆಯ ಹಾಡು ಕೂಡಿಸುತ್ತಾಳೆ. ಒಳ್ಳೆಯವಳು, ಚಹಾ ಕುಡಿದ ಬಟ್ಟಲು ತಾನೇ ತೊಳೆದಳು. ಎಫಿ ಹಾಡು ಕೇಳಿ ಕಣ್ಣರಳಿಸಿದಳು. “ಈ ಹಾಡುಗಳಲ್ಲಿ ಎಂಥಾ ಸ್ವತಂತ್ರ ಹೆಂಗಸರು ಇದಾರೆ ನೋಡಿ! ಯಾರಿಗೂ ಹೆದರಲ್ಲ, ನಗ್ತಾನೇ ಇರ್ತಾರೆ. ಈ ಎಫಿಯಂಥವಳನ್ನ ನಾನು ಇನ್ನೆಲ್ಲೂ ಕಂಡಿಲ್ಲ. ಪುಸ್ತಕಕ್ಕೆ ಇವಳೇ ಮೊದಲು” ಎಂದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ನಾನೂ ಐವತ್ತು ವರ್ಷದಿಂದ ಈ ಹಾಡುಗಳನ್ನು ಹಾಡಿದವಳೇ. ಯೋಚಿಸಿ ನೋಡಿದರೆ ಅವುಗಳಲ್ಲಿ ಇರುವುದು ಇಬ್ಬರೇ ಹೆಂಗಸರು. ಒಬ್ಬಳು ವಿಧವೆಯೋ ಗಿರಣಿಯವನ ಹೆಂಡತಿಯೋ ಆಗಿ ನಗುತ್ತಲೇ ಇರುತ್ತಾಳೆ. ಇನ್ನೊಬ್ಬಳು ಚಿಕ್ಕವಳು, ಹೊಟ್ಟೆ ಮುಂದೆ ಬಂದು ಬೆಟ್ಟದ ಕೆಳಗೆ ಕೂತು ಅಳುತ್ತಾಳೆ. ನಗುವವಳಿಗೆ ಸೋಮವಾರ ಬೆಳಗಾಗುವುದೇ ಇಲ್ಲ. ಅವಳು ನೀರು ತರಲು ಹೋಗುವುದಿಲ್ಲ, ಅವಳಿಗೆ ತಾಯಿ ಇರುವುದಿಲ್ಲ, ಚರ್ಚಿನಲ್ಲಿ ಅವಳ ಪಕ್ಕದ ಜಾಗ ಖಾಲಿ ಬಿಡುವವರಿಲ್ಲ. ಅಟ್ಟದಲ್ಲಿ ಅವಳ ಜೊತೆಗಿದ್ದವನಿಗಂತೂ ಹೆಸರೇ ಇಲ್ಲ. ಹತ್ತೊಂಬತ್ತು ನುಡಿಯಲ್ಲಿ ಅಲೆಕ್ ಡ್ಯಾನ್ ಒಂದು ಸಲವೂ ಬರುವುದಿಲ್ಲ, ಎಫಿ!

ಅದಕ್ಕೇ ಒಂದು ತೀರ್ಮಾನ ಮಾಡಿದೆ. ನೀನು ಬರುವ ಮೊದಲು ಎಲ್ಲರೆದುರು ನಿಜ ಹೇಳಬೇಕು, ಯಾವ ಮೇಜಿನಲ್ಲಿ ಸುಳ್ಳು ಹೇಳಿದೆನೋ ಅಂಥದೇ ಮೇಜಿನಲ್ಲಿ. ಆಗಸ್ಟಿನಲ್ಲಿ ಊರ ಸಭಾಭವನದಲ್ಲಿ ಬಟ್ಟೆ ಬಡಿಯುವುದಿತ್ತು. ಈಗ ಯಾರೂ ಮನೆಯಲ್ಲಿ ನೇಯುವುದಿಲ್ಲ, ಒಂದೇ ಹಳೆಯ ಕಂಬಳಿಯನ್ನು ಪ್ರತಿ ವರ್ಷ ನೆನೆಸಿ ಬಡಿಯುತ್ತೇವೆ, ಅದೂ ನಲ್ಲಿ ನೀರಲ್ಲಿ. ಮಿಸ್ ಆರ್ಮಿಟೇಜ್ ಯಂತ್ರ ಹೂಡಿಕೊಂಡು ಕೂತಿದ್ದಳು. ಮಗ, ಸೊಸೆ, ಶೀನಾ ಎಲ್ಲರೂ ಇದ್ದರು. ಜೆಸ್ಸಿ ಬೆಲ್ ಎಫಿ ಹಾಡು ಎತ್ತಿದಳು. ನನ್ನ ಸರದಿ ಬಂದಾಗ ಹಾಡಿದೆ: ಸೇಡಿಯ ಜೋಡವ್ವ, ಸೇಡಿಯ ಸದ್ದು. ಮುಂದೆ ಎರಡು ಸಾಲು ಕಟ್ಟಿ ಅಲೆಕ್ ಡ್ಯಾನನ ಹೆಸರೂ ಸೇರಿಸಿದೆ. ಹೆಸರನ್ನು ಯಾರ ಮೇಲೂ ಎಸೆಯಲಿಲ್ಲ, ಸುಮ್ಮನೆ ನಿಂತೆ.

ಚಾವಣಿ ಬಿದ್ದುಹೋಗುವ ಹಾಗೆ ನಕ್ಕರು, ಎಫಿ.

ಐವತ್ತೇಳು ವರ್ಷದ ವಿಧವೆ ತನ್ನನ್ನೇ ಅಟ್ಟ ಹತ್ತಿಸಿಕೊಂಡಳು, ಸತ್ತ ಗಂಡನನ್ನೂ ಬಿಡಲಿಲ್ಲ ಎಂದು ನಕ್ಕರು. ಕಾಲಿನ್ ಕಣ್ಣೊರೆಸಿಕೊಂಡು ನಕ್ಕ. ಶೀನಾ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದು “ಅಜ್ಜಿ, ನೀನು ಭಾರೀ ಕಿಲಾಡಿ ಕಣೇ!” ಅಂದಳು. ಯಂತ್ರ ನಿಲ್ಲಿಸಿದ ಮಿಸ್ ಆರ್ಮಿಟೇಜ್ ಇಂಥ ಪಾಠಾಂತರ ತನಗೆ ಸಿಕ್ಕೇ ಇರಲಿಲ್ಲ ಎಂದಳು. ಆ ಮೇಜಿನಲ್ಲಿ ಯಾರು ಯಾರ ಹೆಸರು ಹಾಕಿದರೂ ತಮಾಷೆಯೇ ತಾನೆ. ನನಗೆ ಹೊಳೆಯಲೇ ಇಲ್ಲ ನೋಡು. ನಿನ್ನ ಹೆಸರು ಬಿದ್ದಾಗ ಮಾತ್ರ ಯಾಕೆ ನಿಜವೆಂದುಕೊಂಡರು?

ಮನೆಗೆ ಬರುವಾಗ ಜೆಸ್ಸಿ ಬೆಲ್‌ಗೆ ಬಿಡಿಸಿ ಹೇಳಿದೆ. “ಜೆಸ್ಸಿ, ಹಾಡಲ್ಲ ಕಣೇ. ನಿಜವಾಗ್ಲೂ ನಾನೇ. ಎಫಿ ಅಲ್ಲ.”

“ಅಯ್ಯೋ ಹೋಗೇ! ಆ ವಯಸ್ಸಲ್ಲಿ ಆ ಅಟ್ಟ ಹತ್ತದೋಳು ಯಾರು? ನಾನೂ ಹತ್ತಿದ್ದೆ” ಅಂದಳು.

“ಹಾಗಾದ್ರೆ ಎಫಿ ಒಬ್ಳೇ ಯಾಕೆ ಊರು ಬಿಟ್ಟು ಹೋದ್ಲು?”

“ಈಗ್ಯಾಕೇ ಅದೆಲ್ಲ? ಸುಖವಾಗಿದಾಳಂತಲ್ಲ ಬಾಸ್ಟನ್ನಲ್ಲಿ” ಅಂದು ತನ್ನ ಮನೆಯ ಕಡೆ ತಿರುಗಿದಳು.

ನೀನು ಬಂದರೆ ಏನಾಗುತ್ತದೆ ಎಂದು ಮುಚ್ಚಿಡದೆ ಹೇಳುತ್ತೇನೆ. ಹುಡುಗಿಯರು ನಿನ್ನನ್ನು ನೋಡಲು ಓಡಿಬರುತ್ತಾರೆ. ಹಾಡು ಕೇಳಿಸುತ್ತಾರೆ, ನೀನೂ ನಗಬೇಕು ಎಂದು ಕಾಯುತ್ತಾರೆ. ಹೆಸರು ತೆಗೆಯಿರಿ ಎಂದು ಮಿಸ್ ಆರ್ಮಿಟೇಜ್‌ಗೆ ಎರಡು ಸಲ ಕೇಳಿಕೊಂಡೆ, ಹೆಸರಿಲ್ಲದೆ ಹಾಡೇ ಇಲ್ಲ ಎಂದಳು. ನಾನು ಮನೆಮನೆಗೆ ಹೋಗಿ ನಿಜ ಹೇಳಲು ಸಿದ್ಧ, ಹೇಳುತ್ತಲೂ ಇದ್ದೇನೆ. ಈ ಮುದುಕಿಗೆ ಹಾಡು ತಲೆಗೇರಿದೆ ಎಂದು ಚಹಾ ಕೊಟ್ಟು ಕಳಿಸುತ್ತಾರೆ. ಇಷ್ಟು ತಿಳಿದಮೇಲೂ ನೀನು ಬರುವುದಾದರೆ ಇಲ್ಲಿನ ಸಿಡ್ನಿ ರೈಲು ಸ್ಟೇಷನ್ನಿಗೆ ನಾನೇ ಬರುತ್ತೇನೆ. ಬಾರದಿದ್ದರೆ ಯಾಕೆಂದು ಕೇಳುವ ಮುಖ ನನಗಿಲ್ಲ.

ನಿನ್ನ ಮಂಡಿಗಳಿಗೆ ದೇವರು ಬಲ ಕೊಡಲಿ. ಬೆಚ್ಚಗಿನ ಒಲೆಯೂ ನೆಮ್ಮದಿಯ ನಿದ್ದೆಯೂ ನಿನಗೆ ಕೊನೆತನಕ ಇರಲಿ. ನನಗಿಂತ ಒಳ್ಳೆಯ ಗೆಳತಿಯರು ಅಲ್ಲಿ ನಿನಗೆ ಸಿಕ್ಕಿರಲಿ.

ನಿನ್ನ
ಸೇಡಿ

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ, ಕೆಟಲಿನ ಹಬೆಗೆ ಹಿಡಿದು ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ನಿನ್ನನ್ನು ಬಾ ಎಂದು ಕರೆಯಲಾರೆ.

ನಿನ್ನ ತಾಯಿ ಹೋದದ್ದು 1938ರ ಮೇ ತಿಂಗಳ ಒಂದು ಭಾನುವಾರ. ಅದರ ಹಿಂದಿನ ಮಂಗಳವಾರ ಬೆಳಿಗ್ಗೆ ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದೆ. ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳಿದಳು: “ಸೇಡಿ, ನನ್ನ ಮಗಳ ವಿಷ್ಯ ಹಾಡಲ್ಲಿರೋದು ನಿಜಾನಾ? ನೀನವಳ ಜೀವದ ಗೆಳತಿ, ನಿಂಗೆ ಗೊತ್ತಿರತ್ತೆ.” ನಾನು “ನಂಗೊತ್ತಿಲ್ಲ ದೊಡ್ಡಮ್ಮ” ಅಂದೆ.

ಅವಳು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅಂದಳು: “ನಿಜ ಆಗಿದ್ರೆ ಆಗಿರ್ಲಿ ಬಿಡು. ಬಾ ಅಂತ ತಂತಿ ಕೊಡು. ನಾನೇ ಕರೀತಿದೀನಿ ಅಂತ ಹೇಳು. ಮರ್ಡೊಗೆ ಹೇಳೋಣ ಅಂದ್ರೆ ಅವನಿಗೆ ಅವಳ ಹೆಸ್ರೆತ್ತಿದ್ರೇ ಆಗಲ್ಲ. ನಂಗೆ ಬರೆಯೋಕೆ ಬರಲ್ಲ, ಗೊತ್ತಲ್ಲ.”

ಕೊಟ್ಟೆ ಎಂದು ಹೇಳಿದೆ. ಕೊಡಲಿಲ್ಲ. ನೀನು ಬಂದರೆ ಅವಳಿಗೆ ನಿಜ ಹೇಳುತ್ತೀ ಎಂದು ಹೆದರಿದೆ. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ನಾನು ಬಾಗಿಲು ತೆಗೆದಾಗಲೆಲ್ಲ ಅವಳು ನನ್ನ ಹಿಂದೆ ಯಾರಿದ್ದಾರೆ ಎಂದು ನೋಡುತ್ತಿದ್ದಳು.

ಅಮ್ಮ ಕೊನೆಗೂ ನನ್ನನ್ನು ಕರೆಯಲಿಲ್ಲ, ಅದಕ್ಕೇ ಮಣ್ಣಿಗೂ ಬರಲಿಲ್ಲ ಎಂದು ಆ ವರ್ಷದ ಕ್ರಿಸ್ಮಸ್ ಕಾರ್ಡಿನಲ್ಲಿ ನೀನು ಬರೆದಿದ್ದೆ. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ. ಕರೆದಿದ್ದಳು, ಎಫಿ.